ಪ್ರಮಾಣ ಬದಲಾದಾಗ ಅನುಪಾತದ ಲೆಕ್ಕ

ಮಾಲಿಗೆ ಮಾಲು ಬೆರೆತಾಗ, ತೇವ ಆರಿದಾಗ, ಪಾಲುದಾರರ ಬಂಡವಾಳ ಏರಿಳಿದಾಗ ಮೊದಲಿನ ಅನುಪಾತ ಉಳಿಯುವುದಿಲ್ಲ. ಇಂಥ ಲೆಕ್ಕಗಳಿಗೆ ಮೂಲ ನಿಯಮ ಒಂದೇ: ಬದಲಾಗದೆ ಉಳಿದ ಅಂಶವನ್ನು ಮೊದಲು ಗುರುತಿಸಿ, ಅದರ ಆಧಾರದ ಮೇಲೆ ಉಳಿದುದನ್ನು ಕಂಡುಕೊಳ್ಳಬೇಕು. ನಮ್ಮ ಭಾಗದ ವ್ಯವಹಾರಗಳಿಂದಲೇ ಮೂರು ಕಲ್ಪಿತ ಉದಾಹರಣೆಗಳನ್ನು ನೋಡೋಣ.

ಉದಾಹರಣೆ 1: ಮಿಶ್ರಣ

ನಿಪ್ಪಾಣಿಯ ವರ್ತಕರೊಬ್ಬರಲ್ಲಿ ಕಡಕ್ ಮತ್ತು ಸೌಮ್ಯ ತಂಬಾಕನ್ನು 3:5ರಂತೆ ಬೆರೆಸಿದ 400 ಕಿ.ಗ್ರಾಂ. ಮಾಲಿದೆ. ಗಿರಾಕಿಗೆ 4:5ರ ಮಿಶ್ರಣ ಬೇಕು. ಸೇರಿಸಬೇಕಾದ ಕಡಕ್ ತಂಬಾಕು ಎಷ್ಟು?

ಬದಲಾಗದ ಅಂಶ ಸೌಮ್ಯ ತಂಬಾಕು, 250 ಕಿ.ಗ್ರಾಂ. ಇದು 5 ಭಾಗ. ಒಂದು ಭಾಗ 50 ಕಿ.ಗ್ರಾಂ. ಕಡಕ್ 4 ಭಾಗ, ಅಂದರೆ 200 ಕಿ.ಗ್ರಾಂ. ಬೇಕು. ಇರುವುದು 150. ಸೇರಿಸಬೇಕಾದುದು 50 ಕಿ.ಗ್ರಾಂ.

ಉದಾಹರಣೆ 2: ಒಣಗುವಿಕೆ

ಶೇ. 20ರಷ್ಟು ತೇವಾಂಶವಿರುವ 1,000 ಕಿ.ಗ್ರಾಂ. ತಂಬಾಕನ್ನು ಕಿಲೋಗೆ ರೂ. 90ರಂತೆ ಕೊಳ್ಳಲಾಯಿತು. ಒಣಗಿದ ಮೇಲೆ ತೇವಾಂಶ ಶೇ. 10ಕ್ಕೆ ಇಳಿಯಿತು. ಶೇ. 10 ಕಡಿಮೆಯಾದುದರಿಂದ 900 ಕಿ.ಗ್ರಾಂ. ಉಳಿಯಿತು, ಅಸಲು ರೂ. 100 ಬಿತ್ತು ಎಂದು ಎಣಿಸಿದರೆ ತಪ್ಪು.

ಬದಲಾಗದುದು ಒಣ ಅಂಶ, 800 ಕಿ.ಗ್ರಾಂ. ಅದು ಈಗ ಒಟ್ಟು ತೂಕದ ಶೇ. 90. ಆದ್ದರಿಂದ ತೂಕ 800 ÷ 0.90 = 888.89 ಕಿ.ಗ್ರಾಂ.; ಅಸಲು ಕಿಲೋಗೆ ರೂ. 101.25. ರೂ. 101ಕ್ಕೆ ಮಾರಿದವರು ಒಂದು ರೂಪಾಯಿ ಲಾಭವೆಂದುಕೊಂಡರೂ, ವಾಸ್ತವದಲ್ಲಿ 25 ಪೈಸೆ ನಷ್ಟ ಹೊಂದುತ್ತಾರೆ. ಅರಿಷಿಣ ಒಣಗಿಸುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಉದಾಹರಣೆ 3: ಪಾಲುದಾರಿಕೆ

ಅಥಣಿಯ ಚಪ್ಪಲಿ ಉದ್ಯಮವೊಂದರಲ್ಲಿ ಇಬ್ಬರ ಬಂಡವಾಳ ರೂ. 3 ಲಕ್ಷ ಮತ್ತು ರೂ. 2 ಲಕ್ಷ. ನಾಲ್ಕು ತಿಂಗಳ ನಂತರ ಎರಡನೆಯವರು ಇನ್ನೊಂದು ಲಕ್ಷ ಹೂಡಿದರು. ವರ್ಷದ ಲಾಭ ರೂ. 1,70,000. ಬಂಡವಾಳ ಮತ್ತು ಅವಧಿಗೆ ತಕ್ಕಂತೆ ಹಂಚುವುದೆಂದು ಕರಾರಾಗಿದೆ.

ಬಂಡವಾಳ ಬದಲಾಗದೆ ಇದ್ದ ಅವಧಿಗಳನ್ನು ಬೇರ್ಪಡಿಸಿ, ತಿಂಗಳುಗಳಿಂದ ಗುಣಿಸಬೇಕು.

ಮೊದಲನೆಯವರು: 3 × 12 = 36
ಎರಡನೆಯವರು: (2 × 4) + (3 × 8) = 32

ಅನುಪಾತ 9:8. ಪಾಲು ಕ್ರಮವಾಗಿ ರೂ. 90,000 ಮತ್ತು ರೂ. 80,000.

ಆದರೆ ಅಂಥ ಕರಾರು ಇಲ್ಲದಿದ್ದರೆ, 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 13ನೆಯ ಕಲಮಿನಂತೆ, ಬಂಡವಾಳ ಎಷ್ಟೇ ಇರಲಿ, ಲಾಭವು ಸಮಪಾಲು: ತಲಾ ರೂ. 85,000. ನಷ್ಟವೂ ಹಾಗೆಯೇ.

ಆದುದರಿಂದ ಖರೀದಿ ಚೀಟಿಯಲ್ಲಿ ತೂಕದೊಡನೆ ತೇವಾಂಶವನ್ನೂ, ಪಾಲುದಾರಿಕೆ ಪತ್ರದಲ್ಲಿ ಲಾಭ-ನಷ್ಟ ಹಂಚುವ ಕ್ರಮವನ್ನೂ ಸ್ಪಷ್ಟವಾಗಿ ನಮೂದಿಸುವುದು ವರ್ತಕ ಬಾಂಧವರಿಗೆ ಶ್ರೇಯಸ್ಕರ.