ಅಪ್ಪನಿಗೆ ಬೈಪಾಸ್ ಆಗಿದೆ, ತೋಟಕ್ಕೆ ಇಳಿಯೋದು ಯಾವಾಗ?

ಪುತ್ತೂರು, ಸುಳ್ಯ, ಬಂಟ್ವಾಳದ ಕಡೆಯಿಂದ ಹೃದಯದ ತೊಂದರೆ ಅಂತ ಮಂಗಳೂರಿಗೆ ಬರುವ ಕೃಷಿಕರಲ್ಲಿ ಹಲವರು ಬಸ್ ಇಳಿಯುವುದು ಪಂಪ್‌ವೆಲ್‌ನಲ್ಲಿ. ಬೈಪಾಸ್ ಅಂದರೇನು ಅಂತ ತಿಳಿಯಲು ಅಲ್ಲಿನ ಫ್ಲೈಓವರ್ ನೋಡಿದರೆ ಸಾಕು. 2020ರ ಜನವರಿಯಲ್ಲಿ ಅದು ತೆರೆದ ಮೇಲೆ ಹೆದ್ದಾರಿಯ ವಾಹನಗಳು ಮೇಲಿಂದ ಹೋಗುತ್ತವೆ, ಕೆಳಗಿನ ಜಂಕ್ಷನ್ ಮಾತ್ರ ಇನ್ನೂ ಇದೆ. ಆಪರೇಷನ್ನೂ ಹಾಗೇ. ಕಾಲಿನಿಂದಲೋ ಎದೆಯೊಳಗಿಂದಲೋ ರಕ್ತನಾಳ ತೆಗೆದು ಹೊಸ ದಾರಿ ಮಾಡುತ್ತಾರೆ. ಕಟ್ಟಿಕೊಂಡ ಹಳೇ ನಾಳ ಅಲ್ಲೇ ಇರುತ್ತದೆ, ಕಾಯಿಲೆಯೂ ಇರುತ್ತದೆ.

ಎದೆಯ ನಾಳ ಹೆಚ್ಚು ವರ್ಷ ಬಾಳುತ್ತದೆ. ಕಾಲಿನ ನಾಳಗಳಲ್ಲಿ ಅರ್ಧದಷ್ಟು ಹತ್ತು ವರ್ಷದಲ್ಲಿ ಮತ್ತೆ ಕಟ್ಟಿಕೊಳ್ಳುವುದುಂಟು. ಹಾಗಾಗಿ "ಈಗ ಆರಾಮಾಗಿದ್ದೇನೆ" ಅಂತ ವರ್ಷ ಕಳೆದ ಮೇಲೆ ಮಾತ್ರೆ ಬಿಡುವುದೇ ದೊಡ್ಡ ಅಪಾಯ. ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪು, ಬೀಡಿ ಎರಡೂ ಪೂರ್ತಿ ನಿಲ್ಲಬೇಕು. ಇದರಲ್ಲಿ ರಾಜಿ ಬೇಡ.

ತೋಟದ ಕೆಲಸಕ್ಕೆ ಬರೋಣ. ಎದೆಮೂಳೆ ಸೀಳಿ ತಂತಿಯಿಂದ ಬಿಗಿದಿರುತ್ತಾರೆ, ಅದು ಕೂಡಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಗೊಬ್ಬರದ ಚೀಲ, ಬೆನ್ನಿಗೆ ಕಟ್ಟುವ ಸ್ಪ್ರೇಯರ್ ಬೇಡ. ದೋಟಿಯೂ ಬೇಡ. ಕಾರ್ಬನ್ ಫೈಬರ್ ದೋಟಿ ಹಗುರ ಅಂತ ಅಪ್ಪ ವಾದ ಮಾಡಬಹುದು. ಆದರೆ ಕೈ ಮೇಲೆತ್ತಿ ಎಳೆಯುವಾಗ ಭಾರ ಬೀಳುವುದು ಎದೆಗೇ. ನಾಳ ತೆಗೆದ ಕಾಲಿನ ಗಾಯ ಪೂರ್ತಿ ಒಣಗುವ ತನಕ ತೋಟದ ಕೆಸರಿಗೂ ಇಳಿಸಬೇಡಿ. ಬೈಕ್ ಓಡಿಸುವುದು ಡಾಕ್ಟರ್ ಹೇಳಿದ ಮೇಲೆ.

ಹಾಗಂತ ಚಾವಡಿಯಲ್ಲಿ ಕೂರಿಸಿಡಬೇಡಿ. ಆಪರೇಷನ್ ಆದವರಿಗೆ ಬೇಸರ, ನಿದ್ದೆ ಬಾರದಿರುವುದು, ಸುಮ್ಮನೆ ಕಣ್ಣೀರು ಬರುವುದು ಸಾಮಾನ್ಯ. ಜೀವನಪೂರ್ತಿ ದುಡಿದವರಿಗೆ "ನೀವು ಸುಮ್ಮನಿರಿ" ಅನ್ನುವ ಮಾತು ಔಷಧಿಗಿಂತ ಕಹಿ. ದಿನಾ ನಡೆಸಿ, ಮೊದಲು ಅಂಗಳದಲ್ಲಿ, ಆಮೇಲೆ ತೋಟದ ಸಮತಟ್ಟಿನಲ್ಲಿ. ನೀರು ಯಾವ ಭಾಗಕ್ಕೆ ಬಿಡಬೇಕು, ಅಡಿಕೆ ಯಾವಾಗ ಮಾರಬೇಕು ಅಂತ ಅವರನ್ನೇ ಕೇಳಿ. ಬೇಸರ ವಾರಗಟ್ಟಲೆ ಬಿಡದಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಥರದ ಮಾತ್ರೆ ಕೊಟ್ಟಿರುತ್ತಾರೆ. ಅಡಿಕೆ ಸುಲಿಯುವಾಗ ಕೈ ಕೊಯ್ದರೆ ರಕ್ತ ನಿಲ್ಲಲು ಹೊತ್ತು ಹಿಡಿಯುತ್ತದೆ. ಬಟ್ಟೆಯಿಂದ ಗಟ್ಟಿ ಒತ್ತಿ ಹಿಡಿಯಿರಿ, ಮಾತ್ರೆ ನಿಲ್ಲಿಸಬೇಡಿ.

ನಿಮ್ಮ ಮೊಬೈಲಲ್ಲಿ ಡಿಸ್ಚಾರ್ಜ್ ಚೀಟಿಯ, ಮಾತ್ರೆ ಪಟ್ಟಿಯ ಫೋಟೋ ಇರಲಿ, ಮಾತ್ರೆ ಹೊತ್ತಿಗೆ ಅಲಾರಂ ಇಡಿ. ಮತ್ತೆ ಎದೆನೋವು, ಉಸಿರುಕಟ್ಟುವುದು, ತಣ್ಣನೆ ಬೆವರು ಕಂಡರೆ ಗ್ಯಾಸ್ ಅಂತ ಕಷಾಯ ಕುಡಿಸುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.