ನಾಯಿಗಳ ಉಣ್ಣಿಜ್ವರವೂ ಅದರ ನಿವಾರಣೋಪಾಯಗಳೂ

ಭದ್ರಾ ನಾಲೆಯ ನೀರಿನಿಂದ ಬತ್ತ ಬೆಳೆಯುವ ಮಲೆಬೆನ್ನೂರಿನ ಸುತ್ತಣ ಗ್ರಾಮಗಳಲ್ಲಿ ಕಣವನ್ನೂ ಕೊಟ್ಟಿಗೆಯನ್ನೂ ಕುರಿಮಂದೆಯನ್ನೂ ಕಾಯತಕ್ಕ ಪ್ರಾಣಿಯು ನಾಯಿ. ಅದು ಅನ್ನ ಬಿಟ್ಟು ಮೂಲೆ ಹಿಡಿದು ಕೆಲವು ದಿನಗಳಲ್ಲಿ ಸತ್ತರೆ, ವಿಷ ತಿಂದಿತೆಂದು ಹೇಳಿ ಸುಮ್ಮನಾಗುವುದುಂಟು. ಅನೇಕ ವೇಳೆ ಇದಕ್ಕೆ ಕಾರಣವು ಅದರ ಕಿವಿಯಲ್ಲಿಯೂ ಬೆರಳ ಸಂದಿನಲ್ಲಿಯೂ ಕಚ್ಚಿಕೊಂಡಿರುವ ಉಣ್ಣಿಯೇ ಆಗಿರುತ್ತದೆ.

ರೋಗಕಾರಣ.— ಉಣ್ಣಿಯು ದನಗಳಿಗೆ ಜ್ವರವನ್ನು ಹರಡುವುದೆಂಬುದನ್ನು 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ಸಿದ್ಧಪಡಿಸಿದರು. 1910ರಲ್ಲಿ ಪ್ಯಾಟನ್ ಎಂಬವರು ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಈಗ ಬಾಬೀಸಿಯಾ ಗಿಬ್ಸೋನಿ ಎಂದು ಕರೆಯಲ್ಪಡುವ ಪರೋಪಜೀವಿಯನ್ನು ಕಂಡು ವರ್ಣಿಸಿದರು. ಬಾಬೀಸಿಯಾ ಜಾತಿಯ ಜೀವಿಗಳು ರಕ್ತದ ಕೆಂಪು ಕಣಗಳನ್ನು ಹೊಕ್ಕು ಒಡೆಯುವುವು. ದನಗಳ ಉಣ್ಣಿಜ್ವರದ ಜೀವಿಗಳು ಬೇರೆ ಜಾತಿಯವು. ಆದುದರಿಂದ ನಾಯಿಯ ಬಾಬೀಸಿಯಾ ದನಕ್ಕೆ ತಗಲುವುದೆಂಬ ಭಯ ಬೇಡ.

ಚಿಹ್ನೆಗಳು.— ಜ್ವರ, ನಿಶ್ಶಕ್ತಿ, ಒಸಡು ಬಿಳಿಚುವುದು, ಕಣ್ಣು ಹಳದಿಯಾಗುವುದು, ಮೂತ್ರ ಕಂದುಗೆಂಪಾಗುವುದು. ಉಣ್ಣಿಯಿಂದಲೇ ಹರಡುವ ಎರ್ಲಿಕಿಯಾ ಎಂಬ ಇನ್ನೊಂದು ರೋಗದಲ್ಲಿ ಮೂಗಿನಿಂದ ರಕ್ತ ಸೋರುವುದೂ ಉಂಟು. ಎರಡಕ್ಕೂ ಔಷಧಗಳು ಬೇರೆ ಬೇರೆಯಾದುದರಿಂದ, ಪಶುವೈದ್ಯಶಾಲೆಯಲ್ಲಿ ರಕ್ತವನ್ನು ಪರೀಕ್ಷೆ ಮಾಡಿಸಿದ ಮೇಲೆಯೇ ಚಿಕಿತ್ಸೆ ನಡೆಯತಕ್ಕದ್ದು. ತಡಮಾಡಿದಷ್ಟೂ ರಕ್ತವು ನಷ್ಟವಾಗುವುದು.

ಉಣ್ಣಿಯ ಜೀವನಕ್ರಮ.— ಕಂದು ಬಣ್ಣದ ನಾಯಿಯುಣ್ಣಿಯು ಮರಿ, ಎಳೆಯುಣ್ಣಿ, ಬಲಿತ ಉಣ್ಣಿ ಎಂಬ ಮೂರು ಅವಸ್ಥೆಗಳಲ್ಲಿಯೂ ರಕ್ತವನ್ನು ಹೀರಿ, ಪ್ರತಿಸಲವೂ ಕೆಳಕ್ಕೆ ಬಿದ್ದು ಗೋಡೆಯ ಬಿರುಕುಗಳನ್ನು ಸೇರುವುದು. ಹೆಣ್ಣುಣ್ಣಿಯು ಅಲ್ಲಿಯೇ 4,000ದವರೆಗೂ ಮೊಟ್ಟೆಗಳನ್ನಿಡಬಲ್ಲುದು. ಬಲಿತ ಉಣ್ಣಿಯು ಆಹಾರವಿಲ್ಲದೆ ಅನೇಕ ತಿಂಗಳು ಬದುಕಬಲ್ಲುದು. ಆದಕಾರಣ ನಾಯಿಯ ಮೈಯನ್ನು ಮಾತ್ರ ಶುದ್ಧಿಮಾಡಿದರೆ ಸಾಲದು.

ನಿವಾರಣೆ.—
1. ನಾಯಿ ಮಲಗುವೆಡೆಯ ಗೋಡೆಬಿರುಕುಗಳನ್ನು ಗಾರೆಯಿಂದ ಮುಚ್ಚಿಸಿ, ಹಳೆಯ ಗೋಣಿಗಳನ್ನು ಸುಡಿಸಬೇಕು.
2. ಪ್ರತಿದಿನವೂ ಕಿವಿ, ಕತ್ತು, ಬೆರಳ ಸಂದುಗಳನ್ನು ನೋಡಬೇಕು. ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು, ಸಾಬೂನಿನ ನೀರಿನಲ್ಲಿ ಮುಳುಗಿಸಿಡಬೇಕು. ಬೆರಳಿನಿಂದ ಹಿಸುಕಲಾಗದು.
3. ಸೀಮೆಎಣ್ಣೆಯನ್ನಾಗಲಿ ಬೆಳೆಗೆ ಹೊಡೆಯುವ ಕೀಟನಾಶಕವನ್ನಾಗಲಿ ನಾಯಿಯ ಮೈಗೆ ಹಚ್ಚಕೂಡದು. ಅದರಿಂದ ನಾಯಿಯೇ ಸಾಯಬಹುದು. ಪಶುವೈದ್ಯರು ಹೇಳಿದ ಔಷಧವನ್ನೇ ಹೇಳಿದ ಅಳತೆಯಲ್ಲಿ ಉಪಯೋಗಿಸತಕ್ಕದ್ದು.

ಕೊಯ್ಲಾದ ಮೇಲೆ ಗೊಬ್ಬರಕ್ಕಾಗಿ ಗದ್ದೆಯಲ್ಲಿ ಕುರಿಮಂದೆ ನಿಲ್ಲಿಸುವಾಗ, ಪರಊರಿನ ನಾಯಿಗಳೂ ಅವುಗಳ ಉಣ್ಣಿಗಳೂ ಜೊತೆಯಲ್ಲಿ ಬರುವುವು. ಒಬ್ಬರ ಮನೆ ಶುದ್ಧವಾಗಿದ್ದು ನೆರೆಮನೆಯಲ್ಲಿ ಉಣ್ಣಿ ಉಳಿದರೆ ಪಟ್ಟ ಶ್ರಮವೆಲ್ಲವೂ ವ್ಯರ್ಥ. ಆದುದರಿಂದ ಗ್ರಾಮದ ಮುಖಂಡರು ಒಂದು ದಿನವನ್ನು ಗೊತ್ತುಮಾಡಿ, ಊರಿನ ಸಮಸ್ತ ನಾಯಿಗಳಿಗೂ ಏಕಕಾಲದಲ್ಲಿ ಚಿಕಿತ್ಸೆ ಮಾಡಿಸಬೇಕಾಗಿ ಕೋರಲಾಗಿದೆ.