ಹಳೇ ಗೋಡೆಗೆ ಸಿಮೆಂಟ್ ಮೆತ್ತಬೇಡಿ

ಬೆಂಗಳೂರಿನ ಹಲಸೂರು, ಶಿವಾಜಿನಗರದ ಕಡೆ ಇನ್ನೂ ಉಳಿದಿರುವ ಹಳೇ ಮನೆಗಳ ಗೋಡೆ ಹೆಚ್ಚಾಗಿ ಸುಣ್ಣದ ಗಾರೆಯದು. ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲು ಬಿದ್ದಾಗ ಬಿಡುತ್ತದೆ. ಭಾನುವಾರ ನೀವೇ ಕರಣೆ ಹಿಡಿದು, ಉದುರಿದ ಕಡೆ ಸಿಮೆಂಟ್ ಮೆತ್ತಿದಿರೋ, ತೇವ ಒಳಗೇ ಸಿಕ್ಕಿಕೊಂಡು ಪಕ್ಕದ ಗಾರೆಯೂ ಉಬ್ಬಿ, ಬಿಳಿ ಉಪ್ಪು ಬಿಟ್ಟು ಪುಡಿಯಾಗುತ್ತದೆ. ನಮ್ಮ ಬಚ್ಚಲ ಗೋಡೆ ಹೀಗೇ ಹಾಳಾಯಿತು.

ತೇವ ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ: ಒಡೆದ ಮಂಗಳೂರು ಹೆಂಚೋ, ಸೋರುವ ಪೈಪೋ. ಅದನ್ನು ಸರಿಪಡಿಸಿ, ಗೋಡೆ ಒಣಗಲು ಬಿಡಿ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ; ಟೊಳ್ಳು ಸದ್ದು ಬಂದಷ್ಟನ್ನೇ ಕೆರೆದು, ನೀರು ಚಿಮುಕಿಸಿ, ಸುಣ್ಣ-ಮರಳಿನ ಗಾರೆಯನ್ನು ತೆಳುವಾಗಿ ಹಚ್ಚಿ. ಸುಣ್ಣ ಕಣ್ಣು ಸುಡುತ್ತದೆ, ಕನ್ನಡಕ ಮರೆಯಬೇಡಿ. ಮರದ ತೊಲೆಗಳ ಮೇಲೆ ಇಟ್ಟಿಗೆ-ಗಾರೆ ಹಾಸಿದ ಮದ್ರಾಸ್ ತಾರಸಿಯ ತೊಲೆ, ಹಳೇ ವೈರಿಂಗ್ ಮಾತ್ರ ದಯವಿಟ್ಟು ಕೆಲಸ ಬಲ್ಲವರಿಗೇ ಬಿಡಿ.